ಹತ್ತು ನಿಮಿಷ ಹಿಂದಿನ ಬೀಜ

ಫರ್ನೇಸ್ ನೋಡಿಕೊಳ್ಳುವವಳು ಆ ದಿನ ಬೆಳಿಗ್ಗೆ ಸೋದರಮಾವನನ್ನು ಕೈಹಿಡಿದು ಲ್ಯಾಬಿಗೆ ಕರೆತಂದಿದ್ದಳು. ಕಿವಿ ಮಂದವಾಗಿ ಕೆಲಸ ಬಿಡುವ ತನಕ ಮೂವತ್ತು ವರ್ಷ ಇದೇ ಫರ್ನೇಸಿನ ಮುಂದೆ ಕೂತು ಹರಳು ಬೆಳೆಸಿದವರು, ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ಸಾವಿರದ ಇನ್ನೂರು ಡಿಗ್ರಿಯೊಳಗೆ ಇಣುಕುವುದು ಯಾರಪ್ಪನ ಕೈಲಾಗುತ್ತದೆ? ಈಗ ಎಕ್ಸ್‌ರೇ ಬಂದಿತ್ತು. ಗೋಡೆ ದಾಟಿ ಹೋಗಿ, ಕರಗಿದ್ದೆಷ್ಟು, ಗಟ್ಟಿಯಿರುವುದೆಷ್ಟು ಎಂದು ಪರದೆಯ ಮೇಲೆ ನೆರಳಾಗಿ ತೋರಿಸುತ್ತಿತ್ತು.

ಫರ್ನೇಸಿನೊಳಗೆ, ಕರಗಿಸುವ ಮೂಸೆಯ ತಳದಲ್ಲಿ ಬೆರಳುದ್ದದ ಬೀಜದ ಹರಳು, ಅದರ ಮೇಲೆ ಅದೇ ವಸ್ತುವಿನ ಪುಡಿ. ಪುಡಿಯೆಲ್ಲ ಕರಗಬೇಕು, ಬೀಜದ ತಲೆ ಮಾತ್ರ ಒಂದಿಷ್ಟು ಕರಗಬೇಕು. ಆಮೇಲೆ ನಿಧಾನವಾಗಿ ತಣಿಸಿದರೆ, ಉಳಿದ ಬೀಜದ ಮೇಲೆ ಅದರದೇ ರೂಪದ ಹೊಸ ಹರಳು ಏರುತ್ತದೆ. ಅದರಿಂದ ಒಂದು ತುಂಡು ಕೊಯ್ದಿಟ್ಟರೆ ಮುಂದಿನ ಸಲಕ್ಕೆ ಬೀಜ. ಮಾವ ತಮ್ಮ ಮೊದಲ ಒಳ್ಳೆಯ ಹರಳಿನಿಂದ ಹೀಗೆ ನಡೆಸಿಕೊಂಡು ಬಂದ ವಂಶವದು. ಹಿಂದಿನ ಎರಡು ಹರಳುಗಳು ತಣಿಯುವಾಗ ಚೂರುಚೂರಾಗಿ, ಉಳಿದದ್ದು ಇದೊಂದೇ ಕುಡಿ. ಮದುವೆಯ ಗೊಡವೆಗೇ ಹೋಗದ ಮಾವ ಅದನ್ನು ಮರಿಮೊಮ್ಮಗನೆಂದೇ ಕರೆಯುತ್ತಿದ್ದರು.

ಏನೂ ಕಾಣದ ಕಾಲದಲ್ಲಿ ಅವರದೊಂದು ಪದ್ಧತಿಯಿತ್ತು. ಶಾಖ ಗುರುತಿಗೆ ಬಂದ ಮೇಲೆ ಎರಡು ಗಂಟೆ ಏನನ್ನೂ ಮುಟ್ಟಬಾರದು. ಅವಳು ಕಲಿಯಲು ಬಂದ ಹೊಸತರಲ್ಲಿ, ಇವಳ ಕೈ ಸುಮ್ಮನಿರದೆಂದು, ಎರಡೂ ಕೈಗಳನ್ನು ತೊಡೆಯ ಕೆಳಗಿರಿಸಿ ಕೂರಿಸುತ್ತಿದ್ದರು. ಈಗ ಕಣ್ಣು ಬಂದಿದೆ, ಇನ್ನು ಕೈ ಯಾಕೆ ಕಟ್ಟಿಕೊಳ್ಳಬೇಕು? ಪರದೆಯಲ್ಲಿ ಬೀಜದ ತಲೆ ಹೇಗಿತ್ತೋ ಹಾಗೇ ಚೂಪಾಗಿತ್ತು. ಅವಳು ಶಾಖವನ್ನು ಒಂದು ಗೆರೆ ಏರಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಇನ್ನೂ ಒಂದು ಗೆರೆ ಏರಿಸಿದಳು.

ಪರದೆಯ ಮೂಲೆಯ ಗಡಿಯಾರ ಗೋಡೆಯ ಗಡಿಯಾರಕ್ಕಿಂತ ಹತ್ತು ನಿಮಿಷ ಹಿಂದಿತ್ತು. ಬೆಳಿಗ್ಗೆಯೇ ಕಂಡಿದ್ದಳು, ಈ ಲ್ಯಾಬಿನಲ್ಲಿ ಯಾವ ಗಡಿಯಾರ ನೆಟ್ಟಗಿದೆ ಎಂದುಕೊಂಡು ಬಿಟ್ಟಿದ್ದಳು. ಈಗ, ಅದನ್ನೊಮ್ಮೆ ಸರಿ ಮಾಡಬಾರದೇ ಎಂದು ಎಕ್ಸ್‌ರೇ ನಡೆಸುವವನನ್ನು ಛೇಡಿಸಿದಳು.

"ಗಡಿಯಾರ ಸರಿಯಾಗೇ ಇದೆ ಮೇಡಂ," ಎಂದ ಅವನು. "ಅದು ಚಿತ್ರ ತೆಗೆದ ಹೊತ್ತು. ಚಿತ್ರಾನೇ ಹಳೇದು. ತೆಗೆದಿದ್ದನ್ನ ಕಂಪ್ಯೂಟರ್ ತಿದ್ದಿ ತೋರಿಸೋಕೆ ಹತ್ತು ನಿಮಿಷ ಹಿಡಿಯುತ್ತೆ."

ಅವಳು ತಕ್ಷಣ ಶಾಖ ಇಳಿಸಿದಳು. ಆದರೆ ಆ ದಪ್ಪ ಗೋಡೆಯ ಫರ್ನೇಸು ಹೇಳಿದ ಮಾತು ಕೇಳುವ ಜಾತಿಯದಲ್ಲ. ಗೋಡೆ ಹೀರಿಕೊಂಡ ಶಾಖ ಇನ್ನೂ ಅರ್ಧ ಗಂಟೆ ಒಳಕ್ಕೇ ಇಳಿಯುತ್ತದೆ. ಜೋರಾಗಿ ತಣಿಸಲು ಹೋದರೆ ಮೂಸೆಯೇ ಸೀಳುತ್ತದೆ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನೋಡುವುದೊಂದು ಉಳಿದಿತ್ತು, ಅದೂ ಹತ್ತು ನಿಮಿಷ ತಡವಾಗಿ.

ಪರದೆಯಲ್ಲಿ ಬೀಜದ ತಲೆ ದುಂಡಗಾಯಿತು. ಆಮೇಲೆ ಬೀಜ ಅರ್ಧವಾಯಿತು. ತಲೆಯಲ್ಲೇ ನಿಲ್ಲಬೇಕಾಗಿತ್ತು, ಅರ್ಧಕ್ಕೂ ನಿಲ್ಲಲಿಲ್ಲ. ಅವರಿಬ್ಬರ ಮಾತು ಕಿವಿಗೆ ಬೀಳದ ಮಾವ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದ್ದರು. ಜೀವಮಾನವೆಲ್ಲ ಊಹಿಸಿಕೊಂಡಿದ್ದನ್ನು ಕೊನೆಗೂ ಕಾಣುತ್ತಿರುವ ಖುಷಿಗೆ ಅವರ ಮುಖ ಅರಳಿತ್ತು. ಎಕ್ಸ್‌ರೇ ನಡೆಸುವವನು ನೆಲ ನೋಡುತ್ತಾ ನಿಂತಿದ್ದ. ಹೇಳಿಬಿಡೋಣವೆಂದು ಅವಳು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಆ ಮುಖ ಕಂಡು ಪರದೆಯತ್ತ ತಿರುಗಿದಳು.

ಈಗ ತಳದಲ್ಲಿ ಉಗುರಿನಷ್ಟು ನೆರಳು ಇತ್ತು. ಅವಳು ಗೋಡೆಯ ಗಡಿಯಾರ ನೋಡಿದಳು. ಆ ನೆರಳು ಹತ್ತು ನಿಮಿಷ ಹಿಂದಿನದು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಮಾವನ ಮುಖದಲ್ಲೂ ಈಗ ಗಾಬರಿ ಹಾದುಹೋಗಿತ್ತು. "ಪೂರ್ತಿ ಹೋಯ್ತೇನೋ ಅಂದ್ಕೊಂಡೆ. ಇನ್ನೂ ಒಂಚೂರು ಇದೆಯಲ್ಲೇ," ಎಂದು ಉಸಿರು ಬಿಟ್ಟರು. "ಅಷ್ಟಿದ್ರೆ ಸಾಕು. ಅಷ್ಟರಿಂದಾನೇ ಮತ್ತೆ ಎಬ್ಬಿಸ್ತೀಯ ನೀನು. ಇದೆ ತಾನೇ?"

ಅವಳು ಅವರ ಕಿವಿಯ ಹತ್ತಿರ ಬಾಗಿ, ಕೇಳಿಸುವಷ್ಟು ಗಟ್ಟಿಯಾಗಿ, "ಇದೆ ಮಾವ," ಎಂದಳು.