ನಲವತ್ತೊಂದನೇ ಪುಟಕ್ಕೆ ಮೈದಾ ಅಂಟು

ಅರ್ಗೀರಿಸನಿಗೆ ನಾನು ಮಾಡಿದ್ದು ಅತಿಯಾಯಿತು ಎಂದು ಪಾದ್ರಿ ಫೋತಿಸ್ ಈಗಲೂ ಹೇಳುತ್ತಾರೆ. ಹೇಳಿಕೊಳ್ಳಲಿ. ಅವರ ಅಣ್ಣನನ್ನು ಕೇರಿಯ ಜನ ಮೂವತ್ತೆಂಟು ವರ್ಷ 'ಚೆಂಡುಗಳ್ಳ' ಎಂದು ಕರೆದಿಲ್ಲ. ನನ್ನ ಅಣ್ಣನನ್ನು ಕರೆದಿದ್ದಾರೆ.

ನಾನು ಎವಾಂಥಿಯಾ. ಅಥೆನ್ಸಿನ ಮಗ್ಗುಲಿನ ಪಿರೇಯಸ್ ಬಂದರಿನ ಹಿಂದಿನ ಕೇರಿಯಲ್ಲಿ ನಮ್ಮ ಬೇಕರಿ. ಅದರ ಎದುರಿಗೇ ಗ್ಲಾರೋಸ್ ವಾಲಿಬಾಲ್ ಕ್ಲಬ್ಬಿನ ಆಟದ ಹಾಲ್. ಸಮುದ್ರದಾಚೆಯ ಸ್ಮಿರ್ನಾ ಹೊತ್ತಿ ಉರಿದಾಗ ಉಟ್ಟ ಬಟ್ಟೆಯಲ್ಲಿ ಓಡಿಬಂದ ನಮ್ಮ ಅಜ್ಜಂದಿರು ಎರಡು ದೋಣಿಯ ಕಂಬ ನೆಟ್ಟು, ಹರಿದ ಮೀನುಬಲೆ ಕಟ್ಟಿ ಶುರುಮಾಡಿದ ಕ್ಲಬ್ಬು ಅದು. ಎರಡು ಸಲ ದೇಶದ ಚಾಂಪಿಯನ್‌ಶಿಪ್ ಗೆದ್ದಿದೆ, ಒಂದು ಸಲ ಕಪ್ ತಂದಿದೆ. ಗೆದ್ದ ವರ್ಷ ಯಾವುದು ಎಂದು ಕೇಳಿದರೆ ನಮ್ಮವರು ತಲೆ ಕೆರೆದುಕೊಳ್ಳುತ್ತಾರೆ. ಸೋತ ವರ್ಷ ಮಾತ್ರ ಎಲ್ಲರಿಗೂ ಬಾಯಿಪಾಠ: ಎಂಬತ್ತಾರು.

ಆ ವರ್ಷದ ಫೈನಲ್ಲನ್ನು ನಾನು ಹಾಲಿನ ಮೂರನೇ ಸಾಲಿನಲ್ಲಿ ನಿಂತು ನೋಡಿದ್ದೇನೆ. ಎದುರಿಗೆ ಅಥೆನ್ಸಿನ ದೊಡ್ಡ ಕ್ಲಬ್ಬು. ಐದನೇ ಸೆಟ್ಟು, ನಮ್ಮದು ಹದಿನಾಲ್ಕು, ಅವರದು ಹದಿಮೂರು. ಸರ್ವ್ ನಮ್ಮ ಕೈಗೆ ಬಂತು. ಇನ್ನೊಂದೇ ಪಾಯಿಂಟು. ವಾಲಿಬಾಲಿನಲ್ಲಿ ಸರ್ವ್ ಮಾಡಲು ಸರದಿ ಉಂಟು. ಆರು ಜನರೂ ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸರಿಯುತ್ತಾರೆ, ಯಾರ ಪಾಳಿಯೋ ಅವನೇ ಹೊಡೆಯಬೇಕು. ಅವತ್ತು ಹೊಡೆದವನು ನನ್ನ ಅಣ್ಣ ಸ್ಟ್ರಾಟಿಸ್. ಎಂಥ ಹೊಡೆತ! ಎದುರಿನ ಒಬ್ಬರ ಬೆರಳಿಗೂ ತಾಗದೆ ಮೂಲೆಗೆ ಬಿತ್ತು. ಇಡೀ ಹಾಲ್ ಎದ್ದು ಕುಣಿಯಿತು. ಸೀಟಿ ಕೇಳಿದ್ದು ಆಮೇಲೆ. ಪಾಳಿ ಸ್ಟ್ರಾಟಿಸನದಲ್ಲ, ಕ್ಯಾಪ್ಟನ್ ಅರ್ಗೀರಿಸನದು. ಪಾಯಿಂಟು ರದ್ದು, ಸರ್ವ್ ಅವರಿಗೆ. ಹತ್ತು ನಿಮಿಷದೊಳಗೆ ಹದಿನಾರು-ಹದಿನಾಲ್ಕಕ್ಕೆ ಸೋತೆವು.

"ಕ್ಯಾಪ್ಟನ್ನೇ ಚೆಂಡು ಕೊಟ್ಟ. 'ಮೇಜಿನ ಹತ್ರ ಕೇಳಿದ್ದೀನಿ, ನಿಂದೇ ಪಾಳಿ' ಅಂದ" ಎಂದು ಅಣ್ಣ ಬಡಬಡಿಸಿದ. ಸರದಿ ಯಾರದೆಂದು ಅಂಕ ಬರೆಯುವವರ ಮೇಜಿಗೆ ಹೋಗಿ ಕೇಳುವ ಹಕ್ಕು ಕ್ಯಾಪ್ಟನ್ನಿಗೆ ಮಾತ್ರ. ಅವನು ಕೇಳಿದ್ದೇನೆ ಎಂದರೆ ಉಳಿದವರು ನಂಬಲೇಬೇಕು. ಅಂಕ ಬರೆಯುವವನು ಮಾತ್ರ, "ನನ್ನ ಹತ್ರ ಯಾರೂ ಬಂದಿಲ್ಲಪ್ಪ" ಎಂದ.

ಅರ್ಗೀರಿಸ್ ಏನು ಹೇಳಿದ ಗೊತ್ತೇ? ಹಾಲಿನ ನಡುವೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮಮ್ಮನ ಎಲುಬಿನ ಮೇಲಾಣೆ, ನಾನು ಕೊಟ್ಟಿಲ್ಲ. ಹೀರೋ ಆಗೋ ಆಸೇಲಿ ಅವನೇ ಕಸ್ಕೊಂಡ" ಎಂದ. ನಮ್ಮಲ್ಲಿ ಸತ್ತ ತಾಯಿಯ ಎಲುಬಿನ ಮೇಲೆ ಆಣೆ ಇಟ್ಟರೆ ಮುಗಿಯಿತು, ಮುಂದೆ ಮಾತಿಲ್ಲ. ಅದೇ ಸೆಟ್ಟಿನಲ್ಲಿ ಅವನ ಎರಡು ಸರ್ವ್ ಬಲೆಗೆ ಬಡಿದಿದ್ದವು, ಮೂರನೆಯದನ್ನು ಹೊಡೆಯಲು ಅವನಿಗೆ ಧೈರ್ಯವಿರಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಅಣ್ಣ ಅವತ್ತು ಶೂ ಬಿಚ್ಚಿಟ್ಟವನು ಮತ್ತೆ ಹಾಕಲಿಲ್ಲ. ಹಡಗು ರಿಪೇರಿಯ ಅಂಗಳದಲ್ಲಿ ವೆಲ್ಡಿಂಗಿಗೆ ಸೇರಿದ. ಹಾಲಿನ ಮುಂದೆ ಹಾದುಹೋಗಬಾರದೆಂದು ಮೂವತ್ತೆಂಟು ವರ್ಷ ಮೀನು ಮಾರ್ಕೆಟ್ಟು ಸುತ್ತಿಕೊಂಡು ಮನೆಗೆ ಬಂದ. ಸ್ವಂತ ತಂಗಿಯ ಬೇಕರಿಗೆ ಒಂದು ದಿನವೂ ಕಾಲಿಡಲಿಲ್ಲ, ಏಕೆಂದರೆ ಬೇಕರಿಯ ಬಾಗಿಲಿಗೆ ಹಾಲ್ ಕಾಣುತ್ತದೆ. ಅರ್ಗೀರಿಸ್ ಹನ್ನೊಂದು ವರ್ಷದ ಹಿಂದೆ ಕ್ಲಬ್ಬಿನ ಅಧ್ಯಕ್ಷನೇ ಆದ.

ನಾನೇನು ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜನವರಿಯಲ್ಲಿ ಎಲ್ಲ ಕ್ಲಬ್ಬುಗಳಂತೆ ನಮ್ಮ ಕ್ಲಬ್ಬಿನಲ್ಲೂ ಹೊಸವರ್ಷದ ವಾಸಿಲೋಪಿಟಾ ಕತ್ತರಿಸುತ್ತಾರೆ. ದೊಡ್ಡ ತಟ್ಟೆಯ ಕೇಕು, ಒಳಗೆಲ್ಲೋ ಬೆಳ್ಳಿ ಕಾಗದದಲ್ಲಿ ಸುತ್ತಿದ ಒಂದು ನಾಣ್ಯ. ಯಾರ ತುಂಡಿನಲ್ಲಿ ಸಿಕ್ಕಿತೋ ವರ್ಷವಿಡೀ ಅದೃಷ್ಟ ಅವರದು. ಅರ್ಗೀರಿಸ್ ಅಧ್ಯಕ್ಷನಾದ ಮೊದಲ ಜನವರಿಯಲ್ಲೇ ಬೇಕರಿಗೆ ಬಂದು ದನಿ ತಗ್ಗಿಸಿದ.

"ಎವಾಂಥಿಯಾ, ನಾಲ್ಕನೇ ತುಂಡಿನಡಿ ಇಟ್ಬಿಡು. ಅಧ್ಯಕ್ಷನಿಗೆ ಸಿಕ್ಕರೆ ಹುಡುಗರಿಗೂ ಹುಮ್ಮಸ್ಸು."

ಮೊದಲ ತುಂಡು ಕ್ರಿಸ್ತನಿಗೆ, ಎರಡನೆಯದು ದೇವಮಾತೆಗೆ, ಮೂರನೆಯದು ಕ್ಲಬ್ಬಿಗೆ, ನಾಲ್ಕನೆಯದು ಅಧ್ಯಕ್ಷನಿಗೆ. ಈ ಕ್ರಮ ತಪ್ಪುವುದಿಲ್ಲ, ತುಂಡಿನ ಗೆರೆ ಹಾಕಿ ಕೊಡುವವಳೂ ನಾನೇ. ಬೆಂದ ಮೇಲೆ ಕೆಳಗಿನಿಂದ ನಾಣ್ಯ ತೂರಿಸುವುದು ನನಗೆ ಎಷ್ಟರ ಕೆಲಸ! ಹನ್ನೊಂದು ವರ್ಷ ಇಟ್ಟೆ. ಹನ್ನೊಂದು ವರ್ಷ ಅವನು "ಅಯ್ಯೋ, ಮತ್ತೆ ನಂಗೇ!" ಎಂದು ನಾಚಿಕೊಂಡು ಫೋಟೋ ತೆಗೆಸಿಕೊಂಡ. ಅಣ್ಣನ ಶತ್ರುವಿಗೆ ಅದೃಷ್ಟ ಬಡಿಸಿ ಬಂದು ರಾತ್ರಿ ಅಣ್ಣನಿಗೆ ಊಟ ಬಡಿಸುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಕಳೆದ ಶರತ್ಕಾಲದಲ್ಲಿ ಕ್ಲಬ್ಬಿನ ಚರಿತ್ರೆ ಮತ್ತು ಸಾಧನೆಗಳ ಪುಸ್ತಕ ತರಬೇಕೆಂದು ಅರ್ಗೀರಿಸನಿಗೆ ಹುಕಿ ಬಂತು. ಹಳೇ ಫೋಟೋಗಳಿದ್ದವರು ಬೇಕರಿಯಲ್ಲಿಟ್ಟ ಪೆಟ್ಟಿಗೆಗೆ ಹಾಕಿ ಎಂದು ಚೀಟಿ ಅಂಟಿಸಿದ. ಡಿಸೆಂಬರಿನಲ್ಲಿ ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ನನಗೇ ತೋರಿಸಲು ತಂದ, ಧೈರ್ಯ ನೋಡಿ. ನಲವತ್ತೊಂದನೇ ಪುಟದಲ್ಲಿ ಹೀಗಿತ್ತು: 'ಸ್ವಂತ ಹೆಸರಿನ ಹಂಬಲಕ್ಕೆ ಬಿದ್ದ ಒಬ್ಬ ಆಟಗಾರ ಸರದಿ ಮೀರಿ ಚೆಂಡು ಕಸಿದುಕೊಂಡಿದ್ದರಿಂದ ನಮ್ಮ ಮೂರನೇ ಚಾಂಪಿಯನ್‌ಶಿಪ್ ಕೈತಪ್ಪಿತು.'

"ಹೆಸರು ಹಾಕಿಲ್ಲ ನೋಡು, ನಿನ್ನ ಮುಖ ನೋಡಿ ಬಿಟ್ಟೆ" ಎಂದ.

"ಇದನ್ನ ತೆಗಿ, ಅರ್ಗೀರಿ."

"ಚರಿತ್ರೇನ ತೆಗಿಯಕ್ಕಾಗತ್ತೇನಮ್ಮಾ?"

ಇಷ್ಟು ದಿನ ಬಾಯಲ್ಲಿದ್ದ ಮಾತು ಇನ್ನು ಅಚ್ಚಾಗಿ ಮನೆಮನೆಯ ಕಪಾಟು ಸೇರುತ್ತದೆ. ಅಣ್ಣನಿಗೆ ಅರವತ್ತೆರಡು. ಅವನು ಸತ್ತ ಮೇಲೂ ಆ ಪುಟ ಬದುಕಿರುತ್ತದೆ.

ವಾರ ಕಳೆದಿರಲಿಲ್ಲ, ಫೋಟೋಗ್ರಾಫರನ ವಿಧವೆ ಮರ್ಸೀನಿ ಬ್ರೆಡ್ಡಿಗೆ ಬಂದವಳು, ತಡವಾಯಿತೆಂದು ಬೈದುಕೊಳ್ಳುತ್ತಾ ಒಂದು ಶೂ ಡಬ್ಬಿ ಕೊಟ್ಟಳು. ಒಳಗೆ ಅವಳ ಗಂಡ ತೆಗೆದ ಆಟದ ಚಿತ್ರಗಳು, ತೊಳೆದು ಒಣಗಿಸಿ ಮರೆತವು. ಹದಿನೇಳನೆಯದು ಕೈಗೆ ಬಂದಾಗ ನಾನು ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ.

ಹಿಂದೆ ಅಂಕದ ಫಲಕ, ಹದಿನಾಲ್ಕು-ಹದಿಮೂರು. ಮುಂದೆ ಇಬ್ಬರು. ಅರ್ಗೀರಿಸ್ ಎಡಗೈಯನ್ನು ಅಣ್ಣನ ಹೆಗಲ ಮೇಲಿಟ್ಟು, ಬಲಗೈಯಿಂದ ಚೆಂಡನ್ನು ಅವನ ಎದೆಗೆ ಒತ್ತುತ್ತಿದ್ದಾನೆ.

ಆ ಚಿತ್ರ ಹಿಡಿದು ನೇರ ಹೋಗಿ ಅವನ ಮುಖಕ್ಕೆ ಹಿಡಿಯಬಹುದಿತ್ತು. ಹರಿದುಹಾಕಿ ಮತ್ತೊಂದು ಆಣೆ ಇಡುತ್ತಿದ್ದ. ಬೇಡ. ಪಕ್ಕದ ಬೀದಿಯ ಅಂಗಡಿಯಲ್ಲಿ ಅರ್ಧ ಅಂಗೈಯಷ್ಟು ಚಿಕ್ಕದಾಗಿ ಅರವತ್ತು ಪ್ರತಿ ತೆಗೆಸಿದೆ. ಈ ಸಲದ ಪಿಟಾ ಅರವತ್ತು ತುಂಡಿನದು.

ಜನವರಿಯ ಎರಡನೇ ಭಾನುವಾರ, ಇಗರ್ಜಿಯ ಪೂಜೆ ಮುಗಿದು ಎಲ್ಲರೂ ಹಾಲಿಗೆ ಬಂದರು. ಒಂದು ಮೇಜಿನ ಮೇಲೆ ಪಿಟಾ, ಇನ್ನೊಂದರ ಮೇಲೆ ಹೊಸ ಪುಸ್ತಕದ ಗುಡ್ಡೆ. ಹಳೇ ಆಟಗಾರರೆಲ್ಲ ಇದ್ದರು. ಎಂಬತ್ತಾರರ ತಂಡದ ಲಾಂಬ್ರೋಸ್ ಮಂಡಿನೋವಿನ ಕೋಲು ಹಿಡಿದು ಬಂದಿದ್ದ. ಚೆಂಡುಗಳ್ಳ ಎಂಬ ಹೆಸರಿಟ್ಟವನೇ ಅವನು. ಪಾದ್ರಿ ಫೋತಿಸ್ ಆಶೀರ್ವದಿಸಿದರು. ಅರ್ಗೀರಿಸ್ ಕೋಟಿನ ತೋಳು ಮಡಿಸಿ ಚಾಕು ಹಿಡಿದ.

"ಕ್ರಿಸ್ತನಿಗೆ... ದೇವಮಾತೆಗೆ... ನಮ್ಮ ಗ್ಲಾರೋಸಿಗೆ... ನನಗೆ." ಹೀಗೆ ಕೂಗುತ್ತಾ ಕತ್ತರಿಸಿ, ಕೊನೆಯ ತುಂಡನ್ನು ರೂಢಿಯಂತೆ "ದೂರ ಇರೋರಿಗೆ" ಎಂದು ಬದಿಗಿಟ್ಟ. ಅದನ್ನು ನಾನು ಎತ್ತಿಟ್ಟುಕೊಂಡೆ. ಚಿತ್ರದ ಜೊತೆಗೆ ನಾಣ್ಯವೂ ಇದ್ದದ್ದು ಅದೊಂದರಲ್ಲಿ.

ತುಂಡುಗಳು ಇನ್ನೂ ಕೈಯಿಂದ ಕೈಗೆ ಹೋಗುತ್ತಿದ್ದವು. ಅವನಿಗೆಲ್ಲಿ ತಾಳ್ಮೆ? ತನ್ನದನ್ನು ಮುರಿದು, ಬೆಳ್ಳಿ ಕಾಗದ ಮಿನುಗಿದ್ದೇ ತಡ, ಎತ್ತಿ ಹಿಡಿದ. "ಅಯ್ಯೋ, ಮತ್ತೆ ನಂಗೇ!"

ಚಪ್ಪಾಳೆ ಬಿತ್ತು. ಪೊಟ್ಟಣ ಬಿಡಿಸಿದ. ಮುಖದ ರಕ್ತ ಇಳಿಯಿತು. ಆ ಕ್ಷಣದಲ್ಲಿ 'ಹೌದು, ನಾನೇ ಕೊಟ್ಟೆ' ಎಂದಿದ್ದರೆ ನಾನು ಮಾತಿಲ್ಲದೆ ಬೇಕರಿಗೆ ಹೋಗಿಬಿಡುತ್ತಿದ್ದೆ, ದೇವರಾಣೆಗೂ. ಅವನು ಅದನ್ನು ಮುದುರಿ ಜೇಬಿಗೆ ತುರುಕಿದ.

"ನಾಣ್ಯ ಅಲ್ಲ. ಏನೋ ಖಾಲಿ ಕಾಗದ."

"ತೋರ್ಸಿ ಅಧ್ಯಕ್ಷರೇ, ನಾವೂ ನೋಡ್ತೀವಿ" ಎಂದೆ.

"ಏನಿಲ್ಲ ಬಿಡಮ್ಮ."

"ಹನ್ನೊಂದು ವರ್ಷ ನಾಲ್ಕನೇ ತುಂಡಿನಡೀಲೇ ಇಡು ಅಂತ ಹೇಳಿ ಇಡಿಸ್ಕೊಂಡ್ರಲ್ಲ, ಈ ಸಲ ಖಾಲಿ ಇಟ್ಟೇನಾ ನಾನು?"

ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಕಿರುಚಿದಳು, "ನಂಗೆ ಸಿಕ್ತು!" ಮಗ್ಗುಲಿನವನು, "ನಿಂಗಲ್ಲ ಕಣೇ, ನಂಗೆ!" ಬಲಗಡೆಯಿಂದ ಮೂವರು, ಎಡಗಡೆಯಿಂದ ಐವರು. ಹಾಲೆಲ್ಲಾ ಬೆಳ್ಳಿ ಕಾಗದದ ಸರಪರ ಸದ್ದು. ಆಮೇಲೆ ಒಬ್ಬೊಬ್ಬರಾಗಿ ಚಿತ್ರದಿಂದ ತಲೆಯೆತ್ತಿ ಅಧ್ಯಕ್ಷನ ಕಡೆ ತಿರುಗಿದರು.

ಲಾಂಬ್ರೋಸ್ ಕನ್ನಡಕ ಹಣೆಗೇರಿಸಿ ಚಿತ್ರವನ್ನು ಮೂಗಿನ ಹತ್ತಿರ ಹಿಡಿದ. "ಅರ್ಗೀರಿ... ಇದು ನಿನ್ನ ಕೈ ಅಲ್ವೇನೋ?"

"ಅದು... ಗದ್ದಲದಲ್ಲಿ..."

"ಯಾರ ಎಲುಬಿನ ಮೇಲೆ ಆಣೆ ಇಟ್ಯೋ ಆವತ್ತು? ಅಮ್ಮಂದು ತಾನೆ?" ಲಾಂಬ್ರೋಸನ ಕೋಲು ನೆಲಕ್ಕೆ ಬಡಿಯಿತು. "ನನ್ನ ಬಾಯಿಂದ ಆ ಹುಡುಗನಿಗೆ ಹೆಸರಿಡಿಸಿದ್ಯಲ್ಲೋ, ಪಾಪಿ!"

ನಾನು ಸೀಸೆಯೊಂದನ್ನು ಪುಸ್ತಕದ ಗುಡ್ಡೆಯ ಪಕ್ಕದಲ್ಲಿ ಕುಕ್ಕಿದೆ. "ಮೈದಾ ಅಂಟು ಕಾಸ್ಕೊಂಡು ತಂದಿದ್ದೀನಿ. ಪುಟ ನಲವತ್ತೊಂದು. ಚರಿತ್ರೇನ ತೆಗಿಯಕ್ಕಾಗಲ್ವಂತೆ, ಅಂಟಿಸಕ್ಕಾಗತ್ತೆ."

ಮೊದಲು ಬಂದವಳು ಮರ್ಸೀನಿ. ಆಮೇಲೆ ಲಾಂಬ್ರೋಸ್. ಆಮೇಲೆ ಸಾಲು ನಿಂತಿತು. ಒಬ್ಬೊಬ್ಬರೂ ಆ ಪುಟದ ಅಕ್ಷರಗಳ ಮೇಲೆ ಬ್ರಷ್ಷಿನಿಂದ ಅಂಟು ಬಳಿದು, ಚಿತ್ರ ಒತ್ತಿ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಸರಿದರು. ಅರ್ಗೀರಿಸ್ ತನ್ನ ತುಂಡನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ಹೆಜ್ಜೆ ಹಾಕಿದ.

"ಗುರುಗಳೇ, ಆಶೀರ್ವಾದ ಮಾಡಿದ ಪಿಟಾ ಬಿಟ್ಟು ಹೋಗ್ಬಹುದಾ?" ಎಂದು ಫೋತಿಸರನ್ನು ಕೇಳಿದೆ.

ಪಾದ್ರಿ ಪೇಚಿಗೆ ಸಿಕ್ಕಿದರು. "ಬಿಡ್ಬಾರದು... ಆದ್ರೆ ಎವಾಂಥಿಯಾ..."

"ಕೇಳಿಸ್ತಲ್ಲ, ಅಧ್ಯಕ್ಷರೇ. ತಿನ್ನಿ."

ತಿಂದ. ಇಡೀ ಹಾಲಿನ ಮುಂದೆ ನಿಂತುಕೊಂಡು, ಒಂದೊಂದೇ ಒಣ ತುತ್ತು ನುಂಗುತ್ತಾ, ಕೊನೆಯ ಚೂರಿನವರೆಗೆ ತಿಂದ. ಯಾರೂ ನೀರು ಕೊಡಲಿಲ್ಲ. ನಾನಂತೂ ಕಣ್ತುಂಬ ನೋಡಿದೆ. ಪಾದ್ರಿಗಳು ಅತಿಯಾಯಿತು ಎನ್ನುವುದು ಇದಕ್ಕೇ.

ಉಳಿದ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರಿನ ಕಾಫಿ ಅಂಗಡಿಗೆ ಹೋದೆ. ಸ್ಟ್ರಾಟಿಸ್ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಹನ್ನೊಂದು ವರ್ಷದ ನನ್ನ ಕಳ್ಳತನದಿಂದ ಹಿಡಿದು ಮೈದಾ ಅಂಟಿನವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ತುಂಡು ಮುರಿದು, ನಾಣ್ಯವನ್ನು ಕಾಫಿ ಲೋಟದ ಪಕ್ಕಕ್ಕೆ ತಳ್ಳಿ, ಚಿತ್ರ ಬಿಡಿಸಿದ. ಬಿಸಿಲಿಗೆ ತಿರುಗಿಸಿ ನೋಡಿದ.

"ಎಲ್ರೂ ಅವನ ಕೈ ನೋಡಿದ್ರಿ" ಎಂದ. "ನನ್ನ ಮುಖ ನೋಡಿದ್ಯೇನೇ?"

ನೋಡಿರಲಿಲ್ಲ. ನೋಡಿದೆ. ಇಪ್ಪತ್ತನಾಲ್ಕರ ಸ್ಟ್ರಾಟಿಸ್ ಬಾಯಿತುಂಬ ನಗುತ್ತಿದ್ದ.

"ಕೊನೇ ಚೆಂಡು ನನ್ನ ನಂಬಿ ಕೊಟ್ಟ ಅಂದ್ಕೊಂಡಿದ್ದೆ ಕಣೇ. ಅಷ್ಟು ಖುಷಿಯಾಗಿತ್ತು. ಪಾಳಿ ಎಣಿಸೋದನ್ನೇ ಮರ್ತೆ."

ಅರ್ಗೀರಿಸನಿಗೆ ಒಂದೇ ತುಂಡು ತಿನ್ನಿಸಿದ್ದು ಕಡಿಮೆಯಾಯಿತು ಎನಿಸಿತು.

ಅಣ್ಣ ಪಿಟಾ ತಿಂದು ಮುಗಿಸಿ, ನಾಣ್ಯ ಎತ್ತಿಕೊಂಡು ಎದ್ದ. ಮೀನು ಮಾರ್ಕೆಟ್ಟಿನ ಕಡೆ ತಿರುಗಲಿಲ್ಲ. ನೆಟ್ಟಗೆ ನಮ್ಮ ಬೀದಿಗೆ ನಡೆದ. ನಾನು ಓಡುನಡಿಗೆಯಲ್ಲಿ ಹಿಂದೆ ಹೋದೆ. ಹಾಲಿನ ಮೆಟ್ಟಿಲಲ್ಲಿ ಪುಸ್ತಕ ಹಿಡಿದ ಜನ ಇನ್ನೂ ಗುಂಪಾಗಿ ನಿಂತಿದ್ದರು. ಅವರ ನಡುವೆ ತಲೆ ತಗ್ಗಿಸಿ ಇಳಿಯುತ್ತಿದ್ದ ಅರ್ಗೀರಿಸ್ ಅಣ್ಣನನ್ನು ಕಂಡು ಅಲ್ಲೇ ನಿಂತ.

ಸ್ಟ್ರಾಟಿಸ್ ಎಡಗೈಯನ್ನು ಅವನ ಹೆಗಲ ಮೇಲಿಟ್ಟ. ಬಲಗೈಯಿಂದ ನಾಣ್ಯವನ್ನು ಅವನ ಎದೆಗೆ ಒತ್ತಿದ.

"ತಗೋ ಕ್ಯಾಪ್ಟನ್. ಮೇಜಿನ ಹತ್ರ ಕೇಳಿದ್ದೀನಿ, ನಿಂದೇ" ಎಂದ.

ಅರ್ಗೀರಿಸ್ ಕೈ ಎತ್ತಿ ಅದನ್ನು ಹಿಡಿದುಕೊಂಡ. ಬೀಳಲು ಬಿಡುವ ಧೈರ್ಯವೂ ಅವನಿಗಿರಲಿಲ್ಲ. ಅಣ್ಣ ಬೀದಿ ದಾಟಿ, ಮೊದಲ ಸಲ ನನ್ನ ಬೇಕರಿಯ ಬಾಗಿಲು ತಳ್ಳಿ, ಒಂದು ಬ್ರೆಡ್ಡು ಕೇಳಿದ.