ಕೆಮ್ಮುವ ಒರತೆ

“ತುರುಕಮ್ಮೀ, ತುರುಕು! ಸತ್ತ ಗಂಡನ ಬಾಯಿಗೆ ಅಕ್ಕಿ ಆಕ್ದಂಗೆ ಆಕ್ತೀಯಲ್ಲ!”

ಕಟ್ಟೆಯ ಏರಿಯ ಮೇಲೆ ಕೊಡೆ ಹಿಡಿದು ಕೂತಿದ್ದ ಗುಡಿಬೀದಿಯ ಯಜಮಾನ ಪುಟ್ಟಸ್ವಾಮಿಯ ಮಾತಿಗೆ ಅವನ ಬೀದಿಯ ಆಳುಗಳು ನಕ್ಕರು. ಒಣಗಿದ ಕಟ್ಟೆಯ ನಡುವೆ ಮಂಡಿಯೂರಿದ್ದ ಮರಿತಾಯಮ್ಮ ಸುಣ್ಣಕಲ್ಲಿನ ಬಿಲಕ್ಕೆ ಜೇಡಿಮಣ್ಣು ತುರುಕಿದಳು. ಕೇರಿಯಿಂದ ಮನೆಗೊಬ್ಬರು ಬರಬೇಕೆಂದು ಅಪ್ಪಣೆ. ಅವಳ ಮನೆಯಲ್ಲಿ ಇದ್ದದ್ದೇ ಅವಳೊಬ್ಬಳು.

ಸುಣ್ಣಕಲ್ಲು ಮಳೆಗೆ ಕರಗಿ ಕರಗಿ ಊರಿನ ಅಡಿಯೆಲ್ಲ ಹುಳುಕು ಹಲ್ಲು. ಕಟ್ಟೆಯ ನೀರು ಆ ಬಿಲಕ್ಕಿಳಿದು, ತಗ್ಗಿನ ಕೇರಿಯಲ್ಲಿ, ಮರಿತಾಯಮ್ಮನ ಹಿತ್ತಿಲ ಬಂಡೆಯಿಂದ ಒರತೆಯಾಗಿ ಬರುತ್ತಿತ್ತು. ಮೇಲೆ ಗುಡಿಬೀದಿಯಲ್ಲಿ ಕೇರಿಯವರು ಚಪ್ಪಲಿ ಕಳಚಿ ನಡೆಯಬೇಕು. ಕೆಳಗೆ ನೀರು ಯಾರನ್ನೂ ಕೇಳದೆ ಓಡಾಡಿಕೊಂಡಿತ್ತು.

“ನೆಲದೊಳ್ಗೇ ಸುರಂಗ ಒಡ್ದು ನನ್ ನೀರ ಕದೀತೀರಾ, ಬೋಳಿಮಕ್ಳಾ!” ಪುಟ್ಟಸ್ವಾಮಿ ಮತ್ತೆ ಕೂಗಿದ.

“ನಾವೆಲ್ಲಿ ಒಡ್ದೋ ಬುದ್ಧಿ?” ಮಣ್ಣಿನ ಮಂಕರಿ ಇಳಿಸಿದ ಕೆಂಪಯ್ಯ ಕೇಳಿದ. “ಒರತೆ ನಿಂತೋದ್ರೆ ಕೇರಿ ಏನ್ ಕುಡೀಬೇಕು?”

“ನಂಜನಗೂಡಿಂದ ಟ್ಯಾಂಕರ್ ತರುಸ್ತೀನಿ ಬುಡ್ಲಾ. ಅಲ್ಲೀಗಂಟ ಉಗುಳ್ ನುಂಗು.”

ಮಳೆ ಬಂತು, ಕಟ್ಟೆ ತುಂಬಿತು. ಒಣಗಿದ್ದಾಗ ಇಲ್ಲದ ಮಡಿ ತುಂಬಿದ ಮೇಲೆ ಬಂತು, ಕೇರಿಯವರು ಮುಟ್ಟುವಂತಿಲ್ಲ.

ಒರತೆ ನಿಂತಿತು, ಅದರ ಸದ್ದೂ ನಿಂತಿತು. ಬಂಡೆಯ ಸಂದಿನಲ್ಲಿ ಗಾಳಿಯೂ ನೀರೂ ಸಿಕ್ಕಿಕೊಂಡು ಹೊರಡುತ್ತಿದ್ದ ಗೊಳ್ ಗೊಳ್ ಸದ್ದು ಥೇಟ್ ಮರಿತಾಯಮ್ಮನ ಗಂಡ ಚಾಮಯ್ಯನ ಬೀಡಿ ಕೆಮ್ಮು. ಅವನು ಸತ್ತ ಮೇಲೆ ಅವಳು ಅದಕ್ಕೇ ಬೈಯುತ್ತ ಮುದ್ದೆ ತಿರುವುತ್ತಿದ್ದಳು: “ಸೇದು, ಇನ್ನಷ್ಟು ಸೇದು!” ಈಗ ಬೈಯಲೂ ಯಾರಿಲ್ಲ. ಕೊಡ ಹಿಡಿದು ಟ್ಯಾಂಕರಿಗೆ ಕಾದಳು. ಬರಲಿಲ್ಲ.

ಒಂದು ಮಧ್ಯಾಹ್ನ ಹಾರೆ ಹೊತ್ತು ಕಟ್ಟೆಗಿಳಿದಳು. ಎದೆಮಟ್ಟ ನೀರು.

“ಕೆಡಿಸ್ಬುಟ್ಲು ಕಣ್ಲಾ ನೀರ! ಎಳ್ಕಂಡ್ ಬನ್ರೋ!” ಪುಟ್ಟಸ್ವಾಮಿ ಏರಿಯ ಮೇಲೆ ಕುಣಿದ.

ಆಳುಗಳು ಓಡಿಬಂದು ಅಂಚಿನಲ್ಲೇ ನಿಂತರು. ಅವಳು ಇಳಿದ ನೀರಿಗೆ ಇಳಿಯುವವರು ಯಾರು? ಒಬ್ಬ ಕಾಲ್ಬೆರಳು ಮುಂದಿಟ್ಟು ಹಿಂದಕ್ಕೆಳೆದುಕೊಂಡ. “ನೀವೇ ಓಗಿ, ಅಣ್ಣೋ.”

“ಲೋ ಕೆಂಪಯ್ಯ, ನಿಮ್ಮೋಳಲ್ವಾ, ನೀನಾದ್ರೂ ಇಳಿಯೋ!”

ಏರಿಯಾಚೆ ಹುಲ್ಲು ಕೊಯ್ಯುತ್ತಿದ್ದ ಕೆಂಪಯ್ಯ ಕುಡುಗೋಲು ಕೆಳಗಿಟ್ಟ. ಪುಟ್ಟಸ್ವಾಮಿಯ ದನಿಯನ್ನೇ ಅಣಕಿಸಿ, “ಥೂ ಥೂ! ಮಡಿ ನೀರು, ಮುಟ್ಬೇಡ್ರಲಾ!” ಎಂದು ಕೂತು ಬೀಡಿ ಹಚ್ಚಿದ.

ಅವಳೇ ತುರುಕಿದ್ದ ಜೇಡಿಮಣ್ಣಿಗೆ ಹಾರೆ ಇಳಿಯಿತು. ಮತ್ತೆ ಇಳಿಯಿತು. ನೀರು ಅವಳ ಸುತ್ತ ತಿರುಗತೊಡಗಿತು. ಸೆರಗನ್ನು ಬಿಲ ಎಳೆದುಕೊಂಡಿತು. ಕೆಂಪಯ್ಯನ ಬೀಡಿ ಬಿದ್ದುಹೋಯಿತು.

“ಅಕ್ಕಾ! ಸಾಕು, ಬಂದ್ಬುಡಕ್ಕಾ!”

ಅವಳು ತಲೆ ವಾಲಿಸಿ ಬೇರೇನನ್ನೋ ಕೇಳುತ್ತಿದ್ದಳು. ಕಾಲಡಿಯಲ್ಲಿ ಯಾರೋ ಕೆಮ್ಮಿದರು.

“ಬಂದ್ಯಾ?” ಎಂದಳು.