ಮಂಕರಿಯ ಕೆಳಗಿನ ಹೆಜ್ಜೆ

ಐದು, ಮತ್ತೆ ಎಣಿಸಿದರೂ ಐದೇ, ಗೋಡೆಗೆ ಅಂಟಿಸಿದ ಚಿತ್ರದ ಆನೆಗೆ ಮುಂಗಾಲಿನಲ್ಲಿ ಐದು ಉಗುರು — ಅಯ್ಯೋ ದೇವರೇ, ಆನೆಗೆ ಉಗುರಿರುತ್ತದೆ ಅನ್ನುವುದು ಕಾಡಂಚಿನಲ್ಲೇ ಹುಟ್ಟಿ ಬೆಳೆದ ನನಗೆ ಯಾಕೆ ಹೊಳೆಯಲಿಲ್ಲ, ಹುಣಸೂರಿನ ಈ ಫಾರೆಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತಮೇಲೇ ಹೊಳೆಯಬೇಕಿತ್ತೆ, ಬೆಳೆ ಪರಿಹಾರದ ಕಾನೂನು ಏನು ಅಂತ ಸರಿಯಾಗಿ ಕೇಳ್ಕಂಡು ಬಾ ಅಂತ ಕಳಿಸಿದ ನಮ್ಮ ಯಜಮಾನ ಕರಿಯಯ್ಯ, ನಂಗೇನ್ ತಿಳೀತದೆ ಅಂದರೂ ಕೇಳಲಿಲ್ಲ, ನಾ ವೋದ್ರೆ ಅದನ್ನ ಯಾರು ಕಾಯೋರು, ಕೋಳಿ ಕೆದ್ರುತವೆ ಕಣಮ್ಮಿ, ನೀನೇ ವೋಗು — ಅದು ಅಂದರೆ ಹೆಜ್ಜೆ, ಹೊಲದಲ್ಲಿ ಬಿದಿರ ಮಂಕರಿ ಕವುಚಿಟ್ಟ ಹೆಜ್ಜೆ. ಆನೆ ಬಂದದ್ದು ಸುಳ್ಳಲ್ಲ. ಶನಿವಾರ ಕಂದಕ ದಾಟಿ ಎರಡು ಬಂದವು, ಮುಸುಕಿನ ಜೋಳ ಹಾಲು ತುಂಬಿ ನಿಂತಿತ್ತು, ಅರ್ಧ ಎಕರೆ ಚಾಪೆ ಹಾಸಿದ ಹಾಗೆ ಮಲಗಿಬಿಟ್ಟಿತು, ನಾನು ಬದುವಿನ ಮೇಲೆ ಕೂತು ಗೊಳೋ ಅಂತ ಅತ್ತೆ. ಹೆಜ್ಜೆ ತೋರಿಸ್ದೆ ಇದ್ರೆ ನಿಮ್ ದನಾನೇ ಮೇಯ್ದವೆ ಅಂತಾರೆ ಕಣ್ರಲಾ ಅಂತ ಊರವರೆಲ್ಲ ಹೆದರಿಸಿದರು, ಚೆನ್ನಾಗಿ ಮೂಡಿದ್ದ ಒಂದಕ್ಕೆ ಮಂಕರಿ ಕವುಚಿದೆವು, ಸೋಮವಾರದ ಮಳೆಗೆ ಮಂಕರಿಯೂ ಉರುಳಿತು, ಹೆಜ್ಜೆಯೂ ಕರಗಿತು. ನಮ್ಮ ಯಜಮಾನ, ಈವಯ್ಯ, ತಲೆ ಮೇಲೆ ಕೈ ಹೊತ್ತು ಕೂತ. ಆಗ ಬೀಸೋ ಕಲ್ಲು ಅಂದದ್ದು ಯಾರು — ಅವನಲ್ಲ, ನಾನೇ, ನನ್ನ ಹಾಳು ನಾಲಿಗೆ, ಆನೆ ಎಜ್ಜೆಯಂಗೆ ದುಂಡಗೈತೆ, ಬಾರ ಐತೆ, ಮಿಲ್ಲು ಬಂದಮೇಲೆ ಹಿತ್ತಿಲಲ್ಲಿ ಸುಮ್ಕೆ ಬಿದ್ದೈತೆ. ಮೇಲಿನ ಕಲ್ಲನ್ನು ಇಬ್ಬರೂ ಹೊತ್ತು ಹಸಿ ಮಣ್ಣಿಗೆ ಅದುಮಿದೆವು, ಎತ್ತಿದಾಗ ನಗು ಬಂತು ಇಬ್ಬರಿಗೂ, ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು. ಆ ನಗುವಿನಲ್ಲೇ ಸರಿಯಾಗಿ ನೋಡದೆ ಮಂಕರಿ ಮುಚ್ಚಿದೆವು.

ಯಾರಮ್ಮ ಚಿಕ್ಕಸಿದ್ದಮ್ಮ, ಬನ್ನಿ — ನನ್ನನ್ನೇ, ಎದ್ದೆ, ಸೆರಗು ಬೆಂಚಿನ ಮೊಳೆಗೆ ಸಿಕ್ಕಿತು. ವೀರಭದ್ರಸ್ವಾಮಿ ಅಂತೆ ಆಫೀಸರ ಹೆಸರು, ಸಿಡುಕರಿರಬಹುದು ಅಂದುಕೊಂಡರೆ ಕುರ್ಚಿ ತೋರಿಸಿ ಕೂತ್ಕಳಿ ಅನ್ನುತ್ತಾರೆ, ಒಳ್ಳೆಯವರು, ಇಷ್ಟು ಒಳ್ಳೆಯವರಾಗಿರಬಾರದಿತ್ತು. ಪರಿಹಾರಕ್ಕೆ ಏನೇನ್ ಬೇಕು ಸ್ವಾಮಿ. ಪಹಣಿ ತನ್ನಿ, ಪಕ್ಕದ ಹೊಲದವರ ಸಹಿ, ಮುರಿದ ದಂಟು ಹಾಗೇ ಬಿಟ್ಟಿರಿ, ಲದ್ದಿ ಇದ್ರೆ ಇನ್ನೂ ಒಳ್ಳೇದು. ಲದ್ದಿ ಐತೆ ಸ್ವಾಮಿ, ಮೂರು ಗುಡ್ಡೆ. ಅಷ್ಟು ಸಾಕು ಬುಡಿ. ಮತ್ತೆ... ಎಜ್ಜೆ? ಹೆಜ್ಜೆ ಯಾಕಮ್ಮ, ಈ ಮಳೇಲಿ ಯಾರ ಹೊಲದಲ್ಲಿ ಹೆಜ್ಜೆ ನಿಲ್ತದೆ, ನಾವು ಕೇಳೋದೂ ಇಲ್ಲ. ಆದ್ರೆ ಒಂದ್ ಮಾತು, ಸುಳ್ಳು ಏನಾದ್ರೂ ಕಂಡ್ರೆ ಅರ್ಜಿ ಪೂರಾ ವಜಾ. ಬೇಕಾಗಿರಲಿಲ್ಲವಂತೆ! ಕೇಳಿಕೊಂಡು ಆಮೇಲೆ ಮಾಡಬೇಕಿತ್ತು, ಮಾಡಿ ಆಮೇಲೆ ಕೇಳಲು ಬಂದೆ, ನನಗಿಂತ ಪೆದ್ದಿ ಉಂಟೆ. ಹೇಳಿಬಿಡಲೇ, ಈಗಲೇ, ಸ್ವಾಮಿ ಒಂದು ತಪ್ಪಾಗಿದೆ ಅಂತ — ಬಾಯಿ ತೆರೆದೆ, ಅಷ್ಟರಲ್ಲಿ ಅವರೇ ಎದ್ದರು, ನಾನೂ ನಿಮ್ಮ ವೀರನಹೊಸಹಳ್ಳಿ ಕಡೆಗೇ ಹೊರಟಿದ್ದೀನಿ, ಜೀಪ್ ಹತ್ತಿ, ಇವತ್ತೇ ನೋಡ್ಬುಡ್ತೀನಿ.

ಜೀಪು ಕುಲುಕುತ್ತದೆ, ಊರಿಗೊಂದೇ ಫೋನು, ಅದೂ ಅಂಚೆ ಮನೆಯಲ್ಲಿ, ಮಾಡುವುದಾದರೂ ಹೇಗೆ, ಊರ ಬಾಗಿಲಲ್ಲೇ ಇಳಿದು ಓಡಲೇ, ಮೊದಲು ಹೋಗಿ ಕಾಲಲ್ಲಿ ಒರೆಸಿಬಿಡಲೇ, ಜೋಳ ಹೋದರೆ ಹೋಗಲಿ, ನಿಜವಾಗಿ ಬಂದ ಆನೆಯೂ ಸುಳ್ಳಾಗುತ್ತದಲ್ಲ, ಊರೊಳಗೆ ನಾವು ಕಳ್ಳರಾಗುತ್ತೇವಲ್ಲ. ದಾರಿಯಲ್ಲಿ ಹಿಟ್ಟಿನ ಮಿಲ್ಲಿನ ಮುಂದೆ ಹೆಂಗಸರ ಸಾಲು, ಆಫೀಸರು ನಗುತ್ತಾರೆ, ಮಿಲ್ಲು ಬಂದು ಬೀಸೋ ಕಲ್ಲೇ ಹೋಯ್ತು ನೋಡಿ, ನಮ್ಮವ್ವ ಬೀಸೋವಾಗ ನಾನೇ ಕಲ್ಲಿನ ಬಾಯಿಗೆ ರಾಗಿ ಹಾಕ್ತಿದ್ದೆ, ಹಿಡಿ ಹಿಡಿ. ಕಲ್ಲಿನ ಬಾಯಿ. ಕಲ್ಲಿನ ನಡುವೆ ಬಾಯಿ ಇರುತ್ತದೆ, ತೂತು, ಅದುಮಿದರೆ ಹಸಿ ಮಣ್ಣು ತೂತಿನೊಳಗೆ ಏರಿರುತ್ತದೆ — ಉಗುರಿನ ಚಿಂತೆಯಲ್ಲಿ ಇದು ನೆನಪೇ ಆಗಲಿಲ್ಲ. ಸ್ವಾಮಿ, ಅನ್ನುತ್ತೇನೆ, ಜೀಪಿನ ಸದ್ದಿಗೆ ಕೇಳಿಸುವುದಿಲ್ಲ, ಸ್ವಾಮಿ — ಅದೋ ನಮ್ಮ ಹೊಲ, ಅದೋ ಈವಯ್ಯ, ಒಗೆದ ಅಂಗಿ ಬೇರೆ ಹಾಕಿಕೊಂಡಿದ್ದಾನೆ, ಬೇಡ ಬೇಡ ಅಂತ ಕೈ ಆಡಿಸುತ್ತೇನೆ, ಕರೆದೆ ಅಂತ ತಿಳಿದು ಹಲ್ಲು ಬಿಡುತ್ತಾನೆ, ಬನ್ನಿ ಸ್ವಾಮಿ, ಜ್ವಾಪಾನವಾಗಿ ಮಡಗಿವ್ನಿ, ಬಾಗುತ್ತಾನೆ, ಮಂಕರಿಗೆ ಕೈ ಹಾಕುತ್ತಾನೆ, ಎತ್ತುತ್ತಾನೆ — ದುಂಡಗೆ, ಉಗುರಿಲ್ಲದೆ, ನಡುವೆ ಒಂದು ಹಿಡಿ ಮಣ್ಣು ಎದ್ದು ನಿಂತಿದೆ, ನಡುವೆ ಒಂದು ಹಿಡಿ ಮಣ್ಣು